ದಮ್ಮು

ಗ್ಯುಮ್ರಿಯ ಜನವರಿ. ಅಂಗಳದಲ್ಲಿ ಹೆಣ,
ಹೆಣದ ತಲೆದೆಸೆಗೆ ನಾವಿಬ್ಬರು:
ಸೆನೆಕೆರಿಮ್ ಮೇಷ್ಟ್ರು ದುದೂಕ್ ನುಡಿಸುವವರು,
ನಾನು ಇನ್ನೊಂದು ದುದೂಕಿನಲ್ಲಿ ದಮ್ಮು ಹಿಡಿಯುವವನು.

ಹೌದು, ಅದಕ್ಕೆ ಆರ್ಮೇನಿಯಾದಲ್ಲೂ ಹೆಸರು ದಮ್.
ಒಂದೇ ಸ್ವರ. ಮೊದಲಿಂದ ಕೊನೆವರೆಗೆ
ಒಂದೇ ಒಂದು.
ಮೂಗಿಂದ ಎಳೆದು, ಕೆನ್ನೆಯ ತಿದಿಯಲ್ಲಿ ಕೂಡಿಟ್ಟು
ಬಾಯಿಂದ ಬಿಡುತ್ತಲೇ ಇರಬೇಕು,
ಎಲ್ಲೂ ಹೊಲಿಗೆ ಕಾಣದ ಹಾಗೆ.
ಹನ್ನೊಂದು ವರ್ಷದಿಂದ ಇದೇ ಕೆಲಸ.
ಬಡ್ತಿ ಯಾವಾಗ ಅನ್ನುತ್ತಾಳೆ ಹೆಂಡತಿ.

ಮೇಷ್ಟ್ರು ಮೊದಲ ದಿನ ಹೇಳಿದ್ದು ಇಷ್ಟು:
ನಾನು ಎಲ್ಲಿ ಬೇಕಾದರೂ ಅಲೆದು ಬರುತ್ತೇನೆ,
ನೀನು ಮನೆ.
ಮನೆ ಎದ್ದು ಓಡಾಡಬಾರದು.

ಅವತ್ತಿನ ಚಳಿಗೆ
ಜೊಂಡಿನ ನಾಲಿಗೆ ತುಟಿಗೆ ಅಂಟುತ್ತಿತ್ತು.
ಸತ್ತವನು ಜೋಹ್ರಾಬ್, ರೈಲು ಹಳಿ ನೋಡಿಕೊಂಡಿದ್ದವನು.
ಗೋಡೆಗುಂಟ ಅವನ ಗ್ಯಾಂಗಿನವರು,
ಟೋಪಿ ಕೈಯಲ್ಲಿ, ಕಿವಿ ಕೆಂಪು.
ಹೆಂಡತಿ ಅರ್ಷಲೂಯ್ಸ್ ಕುರ್ಚಿಯಲ್ಲಿ ನೆಟ್ಟಗೆ,
ಮಡಿಲಲ್ಲಿ ಕೈಚೀಲ, ಎರಡೂ ಕೈ ಅದರ ಮೇಲೆ,
ತನ್ನ ಹೆಸರು ಕೂಗಲೆಂದು ಕಚೇರಿಯಲ್ಲಿ ಕಾದವಳಂತೆ.

ಎರಡನೆಯ ಹಾಡು. ಮೇಷ್ಟ್ರು ತುದಿಯಲ್ಲಿ ನಿಂತಿದ್ದರು.
ನನ್ನ ಎಡಗೆನ್ನೆ ಮರಗಟ್ಟಿ
ಗಾಳಿ ಸೋರಿತು. ದಮ್ಮು ಜಾರಿತು.
ಎಷ್ಟು? ಒಂದು ಕೂದಲೆಳೆ.
ಆದರೂ ಮನೆ ಕುಸಿಯಿತು
(ಭೂಕಂಪ ಕಂಡ ಊರು,
ಇಲ್ಲಿ ಯಾರೂ ಈ ಮಾತನ್ನು ಹಗುರಾಗಿ ಆಡುವುದಿಲ್ಲ)
ಮಹಡಿ ಮೇಲಿದ್ದ ಮೇಷ್ಟ್ರು
ಏನೂ ತಪ್ಪದೆ ತಪ್ಪಾಗಿ ಕೇಳಿಸಿದರು.

ಅವರು ನನ್ನತ್ತ ನೋಡಲಿಲ್ಲ.
ನೋಡಿದ್ದರೆ ಅಂಗಳವೆಲ್ಲ ನೋಡುತ್ತಿತ್ತು.
ಕಣ್ಣು ಮುಚ್ಚಿಕೊಂಡೇ ಮೆಟ್ಟಿಲಿಳಿದು
ನಾನು ಬಿದ್ದಲ್ಲಿಗೆ ಬಂದು
ಪಕ್ಕದಲ್ಲಿ ಕೂತರು.
ಆ ಸ್ವರ ಆ ಹಾಡಿನದಲ್ಲ.
ನನಗೆ ಗೊತ್ತಿದ್ದ ಯಾವ ಹಾಡಿನದೂ ಅಲ್ಲ.
ಕೂತು, ಎದ್ದು, ಮತ್ತೆ ಅದೇ ದಾರಿಯಲ್ಲಿ ಬಂದು ಕೂತರು,
ಮೊದಲೇ ಹೀಗೆಂದು ಗೊತ್ತಿದ್ದವರಂತೆ.
ಜಟ್ಟಿ ಬಿದ್ದರೆ ಅದೂ ಒಂದು ಪಟ್ಟು ಅನ್ನುತ್ತಾರೆ;
ಇಲ್ಲಿ ಬಿದ್ದವನು ನಾನು,
ಪಟ್ಟು ಅವರದು.

ಅರ್ಷಲೂಯ್ಸ್ ಕೈಚೀಲ ಕೆಳಗಿಟ್ಟಳು.
ಅಷ್ಟೇ.
ಮೂರು ದಿನದಿಂದ ಬಿಟ್ಟಿರಲಿಲ್ಲವಂತೆ.

ನಲವತ್ತನೆಯ ದಿನಕ್ಕೆ ಮತ್ತೆ ಕರೆಸಿದಳು.
ಅವತ್ತು ನಡುವೆ ಒಂದು ಬಂತಲ್ಲ, ಅದು ಬೇಕು.
ಮೇಷ್ಟ್ರು ನುಡಿಸಿದರು. ಇದಲ್ಲ.
ಮತ್ತೆ ನುಡಿಸಿದರು. ಇದೂ ಅಲ್ಲ.
ಅಪ್ಪಟವಾಗಿ, ತೊಳೆದಿಟ್ಟ ತಟ್ಟೆಯಂತೆ ಸರಿಯಾಗಿ
ಮೂರನೆಯ ಸಲ. ಅಲ್ಲ.

ಬೀಗದ ಕೈ ಇದ್ದದ್ದು ನನ್ನ ಕೆನ್ನೆಯಲ್ಲಿ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ನುಡಿಸುತ್ತಲೇ ನನ್ನತ್ತ ತಿರುಗಿದರು,
ಒಂದು ಹುಬ್ಬು ಮೇಲೇರಿಸಿ,
ಸಾಲ ಕೇಳುವವರ ಸಂಕೋಚದಲ್ಲಿ.
ಕೆನ್ನೆ ಸಡಿಲಿಸಿದೆ. ಒಂದೇ ಕೂದಲೆಳೆ,
ಅಳತೆ ಮಾಡಿ.
ಅವರು ಇಳಿದರು, ಬಂದರು, ಕೂತರು.
ಎಲ್ಲ ಅವತ್ತಿನಂತೆಯೇ.

ಅವಳು ತಲೆ ಓರೆ ಮಾಡಿ ಕೇಳಿದಳು.
ಹತ್ತಿರ ಬಂತು, ಅಂದಳು, ಆದರೆ ಅದಲ್ಲ.
ಅಂದು, ಲೋಟಕ್ಕೆ ವೋಡ್ಕಾ ಸುರಿದು
ಬ್ರೆಡ್ಡು, ಉಪ್ಪು ಚೀಸು ಮುಂದೆ ತಳ್ಳಿದಳು.
ತಿಂದೆವು. ಚೀಸು ಚೆನ್ನಾಗಿತ್ತು.

ವಾಪಸ್ಸು ಬರುವಾಗ ಮಂಜುಗಟ್ಟಿದ ರಸ್ತೆ,
ಮೇಷ್ಟ್ರು ನನ್ನ ತೋಳು ಹಿಡಿದಿದ್ದರು.
ಅವತ್ತು ಜಾರಿದ್ದು ನಾನು ಅಂತ
ಹೇಳಿಬಿಡೋಣವೆಂದು ಬಾಯಿ ತೆರೆದೆ.

ಬಾಯಿ ಮುಚ್ಚು, ಅಂದರು,
ಕೆನ್ನೆಗೆ ಚಳಿ ಹತ್ತುತ್ತದೆ.
ನಾಳೆ ಇನ್ನೊಂದು ಮನೆಯಿದೆ.