ಹಲಗೆಯ ಮೇಲೆ ನಾಲ್ಕು ಅಂಕಿ

ಉಪ್ಪಳದ ನೋಂದಣಿ ಕಚೇರಿ ಎದುರು, ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ
ನನ್ನ ಬೆನಾಯ ಮಾಮ ಆಧಾರ ಬರೆಯುತ್ತಿದ್ದ.
ನಮ್ಮ ಕಡೆ ಕ್ರಯಪತ್ರಕ್ಕೆ ಆಧಾರ ಎನ್ನುತ್ತಾರೆ,
ಅದರ ಮೇಲಲ್ಲವೇ ಮನೆ ನಿಲ್ಲುವುದು.
ಅಡುಗೆಮನೆಗೆ ತುಳು, ಮುದ್ರೆಕಾಗದಕ್ಕೆ ಮಲಯಾಳ,
ದೇವರ ಹತ್ತಿರ ಮಾತ್ರ ಕನ್ನಡ.
ಹೀಬ್ರೂ ಬಂದದ್ದು ದೇವಜ್ಞಾನ ಕಾಲೇಜಿನಿಂದ:
ಎರಡು ವರ್ಷ ಓದಿ, ಮೂರನೆಯದರ ಪರೀಕ್ಷೆಯಲ್ಲಿ
ಅರಸನ ಮೊದಲ ಕೆಲಸವೇನು ಎಂದದ್ದಕ್ಕೆ
'ಕೂತು ಧರ್ಮಶಾಸ್ತ್ರದ ನಕಲು ಬರೆಯುವುದು, ಸ್ವಂತ ಕೈಯಲ್ಲಿ'
ಎಂದಷ್ಟೇ ಬರೆದು
ಟ್ರಂಕು ಹೊತ್ತು ವಾಪಸು ಬಂದವ.

ಬುಧವಾರದ ವೇದಪಾಠ. ಕರೆಂಟಿಲ್ಲ.
ಜನರು ಮುದುಕ ಸಮುವೇಲನ ಬಾಗಿಲಿಗೆ ಬಂದು
ಎಲ್ಲರಿಗೂ ಇದ್ದಾನೆ, ನಮಗೂ ಒಬ್ಬ ಅರಸ ಬೇಕು
ಎಂದು ಹಟ ಹಿಡಿದ ಅಧ್ಯಾಯ.
ಸಭಾಪಾಲಕರು ಪ್ರಶ್ನೋತ್ತರದ ಪುಸ್ತಕ ಬಿಡಿಸಿದರು.
ಅರಸನು ಯಾರು?
ಬರಲಿರುವ ಕ್ರಿಸ್ತನ ನೆರಳು.
ಆಳುವವರನ್ನು ನೇಮಿಸಿದವರು ಯಾರು?
ದೇವರು.
ಆದ್ದರಿಂದ?
ಆದ್ದರಿಂದ ನಾವು ತಲೆ ಬಗ್ಗಿಸಿದೆವು,
ಮೇಣದಬತ್ತಿಯೂ ಬಗ್ಗಿತು.

ಮಾಮ ಎದ್ದ.
'ನೆರಳು ಇರಲಿ ಅಯ್ಯನವರೇ, ಮರ ಹೇಗಿದೆ ನೋಡುವ.
ಗಂಡುಮಕ್ಕಳು ಅವನ ರಥದ ಮುಂದೆ ಓಡಲಿಕ್ಕೆ,
ಹೆಣ್ಣುಮಕ್ಕಳು ಅವನ ಒಲೆ ಊದಲಿಕ್ಕೆ,
ಹೊಲ, ತೋಟ, ಆಳು, ಕತ್ತೆ.
ಯಿಕ್ಕಾಹ್, ಯಿಕ್ಕಾಹ್. ನಾಲ್ಕು ಸಲ ಬಂದಿದೆ.
ನಮ್ಮಲ್ಲಿ ಇಕ್ಕುವುದೆಂದರೆ ಎಲೆಗೆ ಬಡಿಸುವುದು,
ಅಲ್ಲಿ ಯಿಕ್ಕಾಹ್ ಎಂದರೆ ಎಲೆ ಸಮೇತ ಎತ್ತಿಕೊಂಡು ಹೋದಾನು.
ಕಿವಿಗೆ ಎರಡೂ ಒಂದೇ.
ಹೊಟ್ಟೆಗೆ ಅಲ್ಲ.

ಈ ಪಟ್ಟಿಗೆ ನಿಮ್ಮ ಪುಸ್ತಕ ಅರಸನ ಹಕ್ಕು ಎನ್ನುತ್ತದೆ.
ಮೂಲದಲ್ಲಿರುವುದು ಮಿಷ್ಪಾಟ್.
ಅದಕ್ಕೆ ನ್ಯಾಯ ಎಂದೂ ಆದೀತು, ಚಾಳಿ ಎಂದೂ ಆದೀತು.
ಹಕ್ಕು ಎಂದು ಬರೆದರೆ ಅವ ಒಡೆಯ,
ಚಾಳಿ ಎಂದರೆ ಕಳ್ಳ.
ಒಂದು ಮಾತಿಗೆ ಗಡಿಕಲ್ಲು ಎಷ್ಟು ಸೆಂಟು ಜರುಗುತ್ತದೆಂದು
ಆಧಾರ ಬರೆಯುವವನನ್ನು ಕೇಳಿ.'

ಸಭಾಪಾಲಕರು ಕೆಟ್ಟವರಲ್ಲ.
ನನಗೆ ಮಿದುಳುಜ್ವರ ಬಂದ ರಾತ್ರಿ ತಾವೇ ಕಾರು ಓಡಿಸಿ
ತಲಪಾಡಿ ಗೇಟಿನಲ್ಲಿ ಪೊಲೀಸಿಗೆ ಬೈದು ಮಂಗಳೂರು ಮುಟ್ಟಿಸಿದವರು.
ಆದರೆ ಅವರ ಕೈಗೆ ಉತ್ತರ ಮೊದಲೇ ಅಚ್ಚಾಗಿ ಬಂದಿತ್ತು,
ಪ್ರಶ್ನೆ ಅದರ ತಲೆಮೇಲಿನ ಗೆರೆ, ಅಷ್ಟೇ.
'ಬೆನಾಯ,' ಎಂದರು ಮೆಲ್ಲಗೆ, 'ಸಭೆ ಒಡೆದೀತು.'
ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು.

ಮುಂದಿನ ತಿಂಗಳ ಪಾಠ ಓದುವವರ ಪಟ್ಟಿಯಲ್ಲಿ
ಬೆನಾಯ ಸಲಿನ್ಸ್ ಇಲ್ಲ.
ಏನಾದರೂ ಕೊಡಬೇಕಲ್ಲ ಎಂದು ಕೀರ್ತನೆ ಹಲಗೆ ಕೊಟ್ಟರು:
ಸೇಂದಿಮರದ ಚೌಕಟ್ಟು, ನಾಲ್ಕು ಗಾಡಿ,
ಬಿಳಿ ಅಂಕಿಗಳ ಒಂದು ಬಿಸ್ಕತ್ತು ಡಬ್ಬಿ.
ಹನ್ನೊಂದು ವರ್ಷ ಮಾತಿಲ್ಲದೆ ಅಂಕಿ ಸಿಕ್ಕಿಸಿದ.

ಕ್ರಿಸ್ತರಾಜನ ಭಾನುವಾರ.
ಪೀಠಕ್ಕೆ ಬಿಳಿ ಬಟ್ಟೆ, ಸೇವಂತಿಗೆಯ ಕಿರೀಟ.
ಹಲಗೆಯಲ್ಲಿ
೧೧
೧೩
೧೪
೧೬

ಲೀಡಿಯಕ್ಕ ಹಾರ್ಮೋನಿಯಂ ತಿದಿ ಒತ್ತುತ್ತ ಹುಬ್ಬು ಗಂಟಿಕ್ಕಿದಳು:
ಒಂದು ಮುಂಜಾವಿನದು, ಒಂದು ಸಂಜೆಯದು,
ಒಂದು ಹಡಗು ಹತ್ತಿದವರಿಗೆ;
ರಾಜನ ಹಬ್ಬದ ದಿನ ಒಂದಾದರೂ ರಾಜನದ್ದಿಲ್ಲ.
ಸಭೆ ಹಾಡಿತು. ಹಲಗೆ ಹೇಳಿದ್ದನ್ನು ಹಾಡಬೇಕು ತಾನೇ.

ನಾನು ಕೀರ್ತನೆ ಪುಸ್ತಕ ಮುಚ್ಚಿ ಸತ್ಯವೇದ ತೆರೆದೆ.
ಎಂಟನೆಯ ಅಧ್ಯಾಯ.
ಹನ್ನೊಂದು: ಗಂಡುಮಕ್ಕಳು. ಹದಿಮೂರು: ಹೆಣ್ಣುಮಕ್ಕಳು.
ಹೊಲ. ಕತ್ತೆ.
ತಲೆಯೆತ್ತಿದರೆ ವೇದಿಕೆಯ ಮೇಲೆ ಸಭಾಪಾಲಕರ ತೋರುಬೆರಳೂ
ಅದೇ ಹಾಳೆಯ ಮೇಲೆ ಇತ್ತು.
ಅವರು ಹಾಡುತ್ತಿರಲಿಲ್ಲ.

ಹದಿನಾರಕ್ಕೆ ಯಾರಿಗೂ ರಾಗ ಗೊತ್ತಿಲ್ಲ.
ಲೀಡಿಯಕ್ಕ ಬಾಯಿಗೆ ಬಂದದ್ದು ನುಡಿಸಿದಳು, ಸಭೆ ಗುಂಯ್‌ಗುಟ್ಟಿತು.
ಹಿಂದಿನ ಬೆಂಚಿನಲ್ಲಿ
ಪುಸ್ತಕ ತೆರೆಯದೆ, ಕಣ್ಣು ಮುಚ್ಚಿ,
ಬೆನಾಯ ಮಾಮನೊಬ್ಬ
ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ.