ಒಂದು ವಾಷರ್ ಕಡಿಮೆ

ಮಲ್ಪೆ ಧಕ್ಕೆಯ ಹಿಂದೆ, ಐಸ್ ಪ್ಲಾಂಟಿನ ಗೋಡೆಗೆ ಒರಗಿ
ನಮ್ಮ ಶೆಡ್ಡು. ಎಂಜಿನ್ ಬಿಚ್ಚುವುದು ದೂಜಣ್ಣ,
ಲೆಕ್ಕ ಬಿಚ್ಚುವುದು ಅವನ ತಂಗಿ, ನಾನು.

ಜೂನ್ ಒಂದು. ಬೋಟುಗಳೆಲ್ಲ ಹಗ್ಗಕ್ಕೆ ಬಿದ್ದ ದಿನ
ಕೆಮ್ಮಣ್ಣಿನಿಂದ ಬಂದ ಜೋಯ್ಸನ್,
ಐಟಿಐ ಸರ್ಟಿಫಿಕೇಟು ನೆನೆಯದ ಹಾಗೆ
ಅಂಗಿಯೊಳಗೆ ಇಟ್ಟುಕೊಂಡು.
ಅಣ್ಣ ಬೇಡವೆಂದ: "ಕಲಿಸುವ ಹೊತ್ತಿಗೆ
ಎರಡು ಗೇರ್‌ಬಾಕ್ಸ್ ಇಳಿಸುತ್ತೇನೆ.
ಕಲಿತ ಮೇಲೆ ಎದುರಿನ ಶೆಡ್ಡಿಗೆ ಹಾರುತ್ತಾನೆ."
ನಾನು ಹೆಸರು ಬರೆದುಕೊಂಡೆ.
ಅಣ್ಣನ ಎಡಗಿವಿ ಹೋಗಿ ಮೂರು ವರ್ಷ,
ಬಲಗಿವಿ ಹೊರಟು ನಿಂತಿದೆ.
ಇದು ಅವನಿಗೆ ತೋರಿಸದ ಲೆಕ್ಕ.

ಮೊದಲ ತಿಂಗಳ ಪುಟ ತೆರೆದರೆ ಈಗಲೂ ನಗು:
ಮುರಿದ ಡ್ರಿಲ್ ಬಿಟ್ಟು ಎರಡು, ತ್ರೆಡ್ಡು ಹೋದ ಬೋಲ್ಟು ಏಳು,
ನೀರಿಗೆ ಬಿದ್ದ ಹದಿನೇಳರ ಸ್ಪಾನರ್ ಒಂದು,
ಅದನ್ನು ಹೊಳೆಯ ಖಾತೆಗೆ ಬರೆದಿದ್ದೇನೆ.
ಚಹಾ. ಬನ್ಸು (ಹುಡುಗ ಮೂರು ತಿನ್ನುತ್ತಾನೆ).
ಸ್ಟೈಪೆಂಡು. ಗೆರೆ. ನಷ್ಟ.

ಅಣ್ಣ ಕಲಿಸುವವನಲ್ಲ, ಬೈಯುವವನು.
ಅವನ ಗುರುವೂ ಹಾಗೆಯೇ, ಬೆರಳ ಗಂಟಿಗೆ ಹೊಡೆದು
ಎಲುಬಿಗೇ ಕೆಲಸ ಕಲಿಸಿದವರು.
ಈ ಹುಡುಗ ಬೈಗುಳಕ್ಕೆ ತಲೆ ತಗ್ಗಿಸುತ್ತಾನೆ,
ಬೈದು ಮುಗಿದ ಮೇಲೆ ಎತ್ತಿ, ಮತ್ತೆ:
"ದಾಯೆ?"

ತುಳುವಿನಲ್ಲಿ ಎಷ್ಟು ಗಿಡ್ಡ ಆ ಮಾತು!
ಎಣ್ಣೆ ಬಿಸಿಯಿದ್ದಾಗಲೇ ಬಸಿಯುವುದು, ದಾಯೆ?
ಹೆಡ್ಡಿನ ಬೋಲ್ಟು ನಡುವಿನಿಂದ ಬಿಗಿಯುವುದು, ದಾಯೆ?
ಅಣ್ಣನ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.
ಎರಡು ಸಲ ತಡವರಿಸಿ, ಮೂರನೆಯ ಸಲ
ಸೀಮೆಸುಣ್ಣ ಹುಡುಕಿ ನೆಲದ ಮೇಲೆ ಚಿತ್ರ ಬರೆದ.
ಇಪ್ಪತ್ತಾರು ವರ್ಷದ ಶೆಡ್ಡಿನಲ್ಲಿ ಅವನ ಮೊದಲ ಚಿತ್ರ.
ಅಷ್ಟು ಜಾಗ ಬಿಟ್ಟು ಗುಡಿಸಿದೆ.

ಜುಲೈಯ ಒಂದು ಸಂಜೆ, ಇಂಜೆಕ್ಟರ್ ಕೂರುವ ಗುಳಿಗೆ
ಎರಡು ತಾಮ್ರದ ವಾಷರ್ ಇಳಿಸುತ್ತಿದ್ದಾಗ
"ಎರಡು ದಾಯೆ?"
ಅಣ್ಣ ಬಾಯಿ ತೆರೆದ. ಮುಚ್ಚಿದ.
ಗುರು ಹಾಕುತ್ತಿದ್ದರು, ಅದಕ್ಕೆ.
ಗುರುವಿನ ಕಾಲದ ಎಂಜಿನಿಗೆ ಗುಳಿ ಆಳ, ಅದಕ್ಕೆ.
ಆ ಎಂಜಿನು ಧಕ್ಕೆಗೆ ಬರುವುದು ನಿಂತು
ಹನ್ನೊಂದು ವರ್ಷ.
ಹನ್ನೊಂದು ವರ್ಷ ನಾವು ಸತ್ತ ಎಂಜಿನಿಗೆ
ತಪ್ಪದೆ ಎಡೆ ಇಡುತ್ತಾ ಬಂದಿದ್ದೆವು,
ಒಂದೊಂದೇ ವಾಷರು.
ಹೊಗೆ ಕಾರುತ್ತದೆ, ಡೀಸೆಲ್ ಕುಡಿಯುತ್ತದೆ ಎಂದು
ತಿರುಗಿ ಬಂದ ತಾಂಡೇಲರಿಗೆಲ್ಲ
ಓಡಿಸಲು ನಿಮಗೇ ಬರುವುದಿಲ್ಲವೆಂದು ಬೈದು ಕಳಿಸಿದ್ದೆವು.

ಆ ರಾತ್ರಿ ಗಂಜಿಯ ಮುಂದೆ ಕೂತ ಅಣ್ಣ
ಉಪ್ಪಿನಕಾಯಿ ನೋಡುತ್ತ ಒಬ್ಬನೇ ನಕ್ಕ.

ಆಗಸ್ಟು. ಮುಹೂರ್ತ ಮೀರುತ್ತಿದೆಯೆಂದು
ಬೋಟಿನ ಯಜಮಾನರು ತಿಂಗಳಾಯರು ಗಡಿಬಿಡಿ ಮಾಡುತ್ತಿದ್ದಾಗ
ಓಡುವ ಎಂಜಿನಿಗೆ ಸ್ಕ್ರೂಡ್ರೈವರ್ ಊರಿ
ಹಿಡಿಯನ್ನು ಕಿವಿಗಿಟ್ಟು ನಿಂತ ಹುಡುಗ.
"ಮೂರನೆಯದರಲ್ಲಿ ಏನೋ ಇದೆ. ಸಣ್ಣದು."
ಅಣ್ಣ ಎಡಗಿವಿ ಇಟ್ಟ, ಬಲಗಿವಿ ಇಟ್ಟ.
ನನ್ನ ಮುಖ ನೋಡಿದ.
ನಾನು ಕಡಲು ನೋಡಿದೆ.
"ಬಿಚ್ಚು," ಎಂದ.

ಟಪ್ಪೆಟ್ಟಿನ ನಟ್ಟು ಸಡಿಲ.
ಅದನ್ನು ಬಿಗಿದ ಕೈ ಅಣ್ಣನದೇ.
ಆವತ್ತು ಮಾತ್ರ ಹುಡುಗ
ದಾಯೆ ಅನ್ನಲಿಲ್ಲ.

ಕಳೆದ ವರ್ಷ ದೀಪಾವಳಿಯೊಳಗೆ
ರಿಪೇರಿಗೆ ತಿರುಗಿ ಬಂದ ಬೋಟು ಹದಿನಾಲ್ಕು. ಈ ಸಲ ಎರಡು.
ಉಳಿದ ಹನ್ನೆರಡು ಎಲ್ಲಿವೆ? ಬಂಗುಡೆಯ ಹಿಂದೆ.
ಬಾರದ ಬೋಟುಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಎದುರಿನ ಶೆಡ್ಡಿನವರು ಐನೂರು ಹೆಚ್ಚು ಕೊಡುತ್ತಾರಂತೆ.
ಹುಡುಗನೇ ಬಂದು ಹೇಳಿದ.
ಗೇರ್‌ಬಾಕ್ಸು ಇನ್ನೂ ಪೂರ್ತಿ ಗೊತ್ತಾಗಲಿಲ್ಲ, ಎಂದೂ ಹೇಳಿದ.
ನಾನು ಏಳುನೂರು ಬರೆದೆ.

ಇನ್ನೊಬ್ಬನನ್ನು ನೋಡು ಬರುವ ಜೂನಿಗೆ, ಎಂದ ಅಣ್ಣ,
ಚಹಾದ ಗ್ಲಾಸು ತೊಳೆಯುತ್ತ, ಬೆನ್ನು ಹಾಕಿ,
"ಕೇಳುವವನೇ ಆಗಬೇಕು."
ಕಿವಿಯಿಂದಲೋ ಬಾಯಿಂದಲೋ,
ನಾನು ಕೇಳಲಿಲ್ಲ.
ಉಡುಪಿಯ ಅಂಗಡಿಗೆ ಚೀಟಿ ಬರೆದೆ:
ತಾಮ್ರದ ವಾಷರು ಈ ಸಲ
ಅರ್ಧ ಪೆಟ್ಟಿಗೆ ಸಾಕು.