ನಾಲ್ಕನೇ ಅರ್ಜಿದಾರಳು

ಪಾಲಿಕೆಯ ನಕ್ಷೆಯಲ್ಲಿ ನಮ್ಮ ರಸ್ತೆಗೆ ಅರಿಸಿನದ ಬಣ್ಣ.
ಹಳದಿಯೆಂದರೆ ವಾಸ, ನೀಲಿಯೆಂದರೆ ವ್ಯಾಪಾರ
ಎಂದು ದೇವಸ್ಥಳಿಯವರು ತಿಳಿಹೇಳಿದ್ದು
ಎ-ವಿಂಗಿನ ಮೆಟ್ಟಿಲ ಮೇಲೆ, ಟ್ಯಾಂಕರು ಬರುವ ಹೊತ್ತಿಗೆ.
ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು; ಕನ್ನಡಕದ ಕಡ್ಡಿಯಿಂದ
ಚೆಂಬೂರಿನ ಮೇಲೆ ಒಂದು ಚೌಕ ಒತ್ತಿ ತೋರಿಸಿದರು:
ಕುಟೀನ್ಹೊ ಬಾಯಿಯ ಬಂಗಲೆ ಇದ್ದಲ್ಲಿ
ಅರಿಸಿನಕ್ಕೆ ಬಿದ್ದ ಒಂದು ತೊಟ್ಟು ಶಾಯಿ.

ಏಳು ಮಾಳಿಗೆ. ಮೇಲೆ ಮದುವೆ ಹಾಲು, ಕೆಳಗೆ ಕಾರಿನ ಶೋರೂಮು.
‘ಮಾಲೀಕರಿಗೆ ಒದಗಿದ ಸಂಕಷ್ಟ ಪರಿಗಣಿಸಿ
ವಿಶೇಷ ವಿನಾಯಿತಿ’ ಎಂದಿತ್ತು ಆದೇಶ.
ತಿಂಗಳು ತಿಂಗಳು ಸಂಕಷ್ಟಿ ಹಿಡಿಯುವವಳು ನಾನು,
ಆ ಪದವನ್ನು ಎರಡು ಸಲ ಓದಿದೆ.
ಈ ಸಂಕಷ್ಟಿಗೆ ಚಂದ್ರೋದಯ ಎಷ್ಟು ಗಂಟೆಗೋ.

ಅರ್ಜಿಗೆ ಹೆಸರು ಕೊಟ್ಟವರು ಆರು ಜನ.
ನಾಲ್ಕನೆಯವಳು ಜಲಜಾ ಕೋಂ ದಿವಂಗತ ವಾಮನ ಅಂಚನ್,
ವಯಸ್ಸು ಐವತ್ತೆಂಟು, ಉದ್ಯೋಗ...
ಗುಮಾಸ್ತ ತಲೆಯೆತ್ತದೆ ಬರೆದುಕೊಂಡ: ಗೃಹಿಣಿ.
ನಾನೂ ತಿದ್ದಲಿಲ್ಲ.

ಐದು ತಾರೀಕು ಬರೀ ಮುಂದಕ್ಕೆ ಹೋದವು.
ಅಗೆದ ಗುಂಡಿಯಲ್ಲಿ ಮಳೆನೀರು ನಿಂತು ಕಪ್ಪೆ ಸಂಸಾರ ಹೂಡಿತು,
ಅದಕ್ಕೆ ಯಾರ ಪರವಾನಗಿಯೂ ಬೇಕಾಗಲಿಲ್ಲ.
ಆರನೆಯ ತಾರೀಕಿಗೆ ನಮ್ಮ ನಂಬರು ಕೂಗಿದರು.

ಆ ಕಡೆಯ ವಕೀಲರದು ಜೇನಿನಂಥ ದನಿ.
‘ಪುಟ ನೂರ ಹನ್ನೆರಡು, ಮೈ ಲಾರ್ಡ್, ಒಂದು ಫೋಟೋ.’
ನನ್ನ ಅಡುಗೆಮನೆಯ ಕಿಟಕಿ.
ಸರಳಿಗೆ ಕಟ್ಟಿದ ರಟ್ಟು, ನನ್ನದೇ ಸೊಟ್ಟ ಅಕ್ಷರ:
‘ಇಡ್ಲಿ-ಡೋಸ್ಯಾಚೆ ಪೀಠ ಮಿಳೇಲ್.’
‘ಹಳದಿ ಹಳದಿಯಾಗಿಯೇ ಇರಲಿ ಎನ್ನುವ ಈ ಮಹಿಳೆ
ದಿನಕ್ಕೆ ನಲವತ್ತು ಕಿಲೋ ರುಬ್ಬುತ್ತಾರೆ, ಎರಡು ಗ್ರೈಂಡರು.
ಇವರ ವಿನಾಯಿತಿ ಪತ್ರ ಎಲ್ಲಿ?’
ಹಿಂದಿನ ಬೆಂಚು ಕಿಸಕ್ಕೆಂದಿತು.
ಹದಿನೆಂಟು, ಸ್ವಾಮೀ, ನಲವತ್ತಲ್ಲ
ಎಂದೆ, ಸೆರಗಿನೊಳಗೆ.
ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ವಡಾಳಾ ದಾಟಿದ ಮೇಲೆ ದೇವಸ್ಥಳಿಯವರು ಗಂಟಲು ಸರಿಮಾಡಿಕೊಂಡರು.
‘ಬೇಸರ ಬೇಡ ತಾಯಿ. ನಿಮ್ಮ ಹೆಸರು ಹಿಂದಕ್ಕೆ ತೆಗೆದರೆ
ಕೇಸು ಸ್ವಚ್ಛವಾಗುತ್ತದೆ.’

ಸ್ವಚ್ಛ.
ಇಪ್ಪತ್ತೊಂದು ವರ್ಷದಿಂದ ಉದ್ದು ತೊಳೆಯುತ್ತಿದ್ದೇನೆ,
ಏಳು ನೀರು ಹಾಕಿದರೂ ಎಂಟನೆಯದು ಬೆಳ್ಳಗೇ.
ಗಾಲಾನ ಊಟದ ಮೇಜಿನ ಮೇಲೆ ಜುಲೈ ಪೂರ್ತಿ ಊರವರ ತೆರಿಗೆ,
ಮೆಟ್ಟಿಲ ಕೆಳಗೆ ಇಸ್ತ್ರಿಯವನು, ಆ ಮೂಲೆಗೆ ಬಾಡಿಗೆ ಎಣಿಸುವುದು
ದೇವಸ್ಥಳಿಯವರೇ ಅಲ್ಲವೆ.
ನಾನು ಇದನ್ನೆಲ್ಲ ಆಡಲಿಲ್ಲ. ಕುರ್ಲಾದಲ್ಲಿ ಗದ್ದಲವಿತ್ತು.

ಹಾಗೆಂದು ಎಲ್ಲವೂ ಒಂದೇ ಎನ್ನಲಾರೆ.
ಮೇಲಿನ ಮನೆಯ ಅದ್ವೈತನಿಗೆ ಹತ್ತನೆಯ ಪರೀಕ್ಷೆ ಇದ್ದಾಗ
ಅವನಮ್ಮ ಬಂದು ಕದ ತಟ್ಟಿದಳು; ಆ ಮಾರ್ಚಿ
ನಾನು ರುಬ್ಬಿದ್ದು ಮಟಮಟ ಮಧ್ಯಾಹ್ನ.
ಏಳು ಮಾಳಿಗೆಗೆ ತಟ್ಟಲು ಕದ ಯಾವ ಕಡೆ ಇಡುತ್ತಾರೆ?
ಆ ಜೇನುದನಿಯವರನ್ನು ಇದೊಂದು ಕೇಳಬೇಕಿತ್ತು.
ಇಂಥ ಮಾತು ನನಗೆ ಹೊಳೆಯುವುದೇ
ಲೋಕಲು ಇಳಿದ ಮೇಲೆ.

ಸಂಜೆ ದೇವಸ್ಥಳಿಯವರ ಮೊಮ್ಮಗ ಸ್ಟೀಲು ಡಬ್ಬಿ ಹಿಡಿದು ಬಂದ.
‘ಒಂದು ಕಿಲೋ. ಮನೆಗೆ ನೆಂಟರು.
ಲೆಕ್ಕಕ್ಕೆ ಬರೆದುಕೊಳ್ಳಬೇಕಂತೆ.’
ಆ ಮನೆಗೆ ಯಾವಾಗಲೂ ಒಂದು ಸೌಟು ಹೆಚ್ಚು ಹೋಗುತ್ತಿತ್ತು.
ಇವತ್ತು ಮುಳ್ಳು ಒಂದಕ್ಕೆ ಸರಿಯಾಗಿ ನಿಂತಿತು.
ವಿನಾಯಿತಿಯೂ ಇಲ್ಲ, ರಿಯಾಯಿತಿಯೂ ಇಲ್ಲ ಮಗಾ, ಎಂದೆ.
ಅವನಿಗೆ ತಿಳಿಯಲಿಲ್ಲ. ಡಬ್ಬಿಯ ಅಂಚಿಗೆ ಸೋರಿದ್ದನ್ನು
ಬೆರಳಿಂದ ಸವರಿಕೊಂಡು ಲಿಫ್ಟಿಗೆ ಓಡಿದ.

ಕೈ ತೊಳೆದು ಗುಮಾಸ್ತನಿಗೆ ಫೋನು ಮಾಡಿದೆ.
ನಾಲ್ಕನೆಯ ಹೆಸರು ಅಲ್ಲೇ ಇರಲಿ.
ಅದರ ಮುಂದೆ, ಉದ್ಯೋಗ ಎಂದಿದೆಯಲ್ಲ,
ಅಲ್ಲಿ ತಿದ್ದಬೇಕು: ಹಿಟ್ಟಿನ ವ್ಯಾಪಾರ.
ಹೌದು. ಮನೆಯಲ್ಲೇ.
ಹದಿನೆಂಟು ಕಿಲೋ ಅಂತಲೂ ಹಾಕಿ.
ಬರೆದಿರಾ?
ಓದಿ ಹೇಳಿ.